ಅದೇ ದ್ವೀಪಕ್ಕೆ ಮತ್ತೆ, ಈ ಸಲ ಒಬ್ಬಳೇ

ಪ್ರಶ್ನೆ: ಮೆಕ್ಸಿಕೋದ ಇಸ್ಲಾ ಮುಹೇರೆಸ್ ದ್ವೀಪಕ್ಕೆ ಹಿಂದೆ ಗೆಳತಿಯರ ಜೊತೆ ಹೋಗಿದ್ದೆ, ಮನಸ್ಸು ಅಲ್ಲೇ ಉಳಿದುಬಿಟ್ಟಿದೆ. ಈ ಸಲ ಒಬ್ಬಳೇ ಹೋಗಿ ಒಂದು ವಾರ ಸುಮ್ನೆ ಇದ್ದು ಬರೋಣ ಅಂತಿದ್ದೇನೆ. ನೋಡಿದ ಜಾಗಕ್ಕೇ ಮತ್ತೆ ದುಡ್ಡು ಸುರಿಯೋದು ದಡ್ಡತನ ಅಂತಾರೆ ಮನೆಯವರು. ಬೇಜಾರಾಗುತ್ತಾ?

ಉತ್ತರ: ದಡ್ಡತನ ಏನೂ ಇಲ್ಲ, ಹೋಗಿ ಬನ್ನಿ. ನೋಡಲೇಬೇಕಾದ ಜಾಗಗಳ ಪಟ್ಟಿ ಈ ಸಲ ನಿಮ್ಮ ತಲೆ ಮೇಲೆ ಇರಲ್ಲ, ಅದೇ ದೊಡ್ಡ ಲಾಭ. ಕಾನ್ಕುನ್ ನಗರದ ಪುಯೆರ್ಟೊ ಹುವಾರೆಸ್ ಬಂದರಿನಿಂದ ಫೆರ್ರಿ ಹತ್ತಿದರೆ ಸುಮಾರು 20 ನಿಮಿಷ, ಇಳಿದು ಸ್ವಲ್ಪ ನಡೆದರೆ ಪ್ಲಾಯಾ ನೋರ್ಟೆ ಬೀಚ್. ಅಲ್ಲಿ ನೀರು ಶಾಂತ, ಬಹಳ ದೂರ ನಡೆದರೂ ಸೊಂಟದ ಮಟ್ಟವೇ, ಹಾಗಾಗಿ ಈಜು ಅಷ್ಟಾಗಿ ಬಾರದವರೂ ಆರಾಮಾಗಿ ಇರಬಹುದು. ದ್ವೀಪದ ಪೂರ್ವದ ಕಡೆ ಮಾತ್ರ ಅಲೆ ಜೋರು, ಒಬ್ಬರೇ ನೀರಿಗೆ ಇಳಿಯಬೇಡಿ.

ಮಧ್ಯಾಹ್ನ ಕಾನ್ಕುನ್‌ನಿಂದ ಬರುವ ಜನ ಜಾಸ್ತಿ. ಆಗ ರೂಮಲ್ಲಿ ನಿದ್ದೆ ಮಾಡಿ, ಅವರೆಲ್ಲ ವಾಪಸ್ ಹೋದ ಮೇಲೆ ಹೊರಗೆ ಬನ್ನಿ. ದ್ವೀಪದಲ್ಲೇ ಉಳಿಯುವವರಿಗೆ ಸಿಗುವ ಸುಖ ಅದು! ಒಂದು ದಿನ ಬೆಳಗ್ಗೆ ಬೇಗ ಎದ್ದು ದಕ್ಷಿಣದ ತುದಿ ಪುಂತಾ ಸುರ್‌ಗೆ ಹೋಗಿ. ಮಾಯಾ ಜನರ ದೇವತೆ ಇಷ್ಚೆಲ್‌ಳ ಗುಡಿಯ ಅವಶೇಷ ಅಲ್ಲಿದೆ. ದ್ವೀಪದ ಉದ್ದ ಸುಮಾರು 7 ಕಿಲೋಮೀಟರ್ ಅಷ್ಟೇ, ಓಡಾಡೋಕೆ ಗಾಲ್ಫ್ ಕಾರ್ಟ್ ಅನ್ನೋ ಸಣ್ಣ ಗಾಡಿ ಬಾಡಿಗೆಗೆ ಸಿಗುತ್ತದೆ. ಆದರೆ ಒಬ್ಬರಿಗೆ ವಾರಪೂರ್ತಿ ಅದು ಯಾಕೆ, ಒಂದು ದಿನ ಸಾಕಲ್ವಾ?

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ಜನ ಜಾಸ್ತಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಸಣ್ಣ ಅಂಗಡಿಗಳಿಗೆ ಅಂತ ಸ್ವಲ್ಪ ಪೆಸೊ ನಗದು ಇಟ್ಟುಕೊಳ್ಳಿ. ಮನೆಯವರಿಗೆ ದಿನಕ್ಕೊಂದು ಫೋಟೋ ಕಳಿಸಿ, ತಾವೇ ಸುಮ್ಮನಾಗುತ್ತಾರೆ.