ದೂರದ ಸೈಕಲ್ ಪ್ರಯಾಣದಲ್ಲಿ ಮಧ್ಯಾಹ್ನ ಒಂದೇ ಸಲ ತಿಂದು ಮಲಗಿದರೆ ಸಾಕಾ?

ಸಾಕಾಗುವುದಿಲ್ಲ. ನಿಮ್ಮ ಹಲವು ದಿನದ ಸೈಕಲ್ ಪ್ರಯಾಣಕ್ಕೆ, ಬೆಳಗ್ಗೆ ತಂಪಿರುವಾಗಲೇ ಎಲ್ಲೂ ನಿಲ್ಲದೆ ದೂರ ಹೊಡೆದು, ಮಧ್ಯಾಹ್ನ ಹೊಟ್ಟೆ ತುಂಬ ತಿಂದು ಮಲಗುವುದು ಅಂತ ಬರೆದಿದ್ದೀರಲ್ಲ, ಮೊದಲ ಸಲ ಹೊರಟಾಗ ನನ್ನದೂ ಇದೇ ಲೆಕ್ಕಾಚಾರ.

ಶುರುವಿನಲ್ಲಿ ಭಾರಿ ಹುರುಪು. ಬ್ಯಾಗಿನಲ್ಲಿ ಬಾಳೆಹಣ್ಣು ಇತ್ತು, ಆದರೆ ಹಸಿವೇ ಇಲ್ಲ, ಯಾಕೆ ನಿಲ್ಲಬೇಕು ಅಂತ ತುಳಿಯುತ್ತಲೇ ಹೋದೆ. ಆಮೇಲೆ ಒಂದು ಸಣ್ಣ ಏರಿನಲ್ಲಿ ಕಾಲು ಸೋತೇ ಹೋಯಿತು. ನೋವಿಲ್ಲ, ಉಸಿರು ಕಟ್ಟಿಲ್ಲ, ಸುಮ್ನೆ ಶಕ್ತಿಯೇ ಇಲ್ಲ. ಕೈ ನಡುಗುತ್ತಿತ್ತು, ತಣ್ಣನೆ ಬೆವರು, ಗೇರ್ ಯಾವ ಕಡೆಗೆ ಹಾಕಬೇಕು ಅಂತಲೂ ಹೊಳೆಯಲಿಲ್ಲ.

ತಪ್ಪು ಎಲ್ಲಿ ಅಂದರೆ, ನಾನು ಹಸಿವಿಗಾಗಿ ಕಾದೆ. ಮೈಯಲ್ಲಿ ಗ್ಲೈಕೋಜನ್ ಆಗಿ ಕೂಡಿಟ್ಟ ಸಕ್ಕರೆ ಒಟ್ಟು ಸುಮಾರು 400–500 ಗ್ರಾಂ ಅಷ್ಟೇ. ಸ್ನಾಯುವಿನಲ್ಲಿ ಇರುವುದು ಆ ಸ್ನಾಯುವಿಗೇ ಮೀಸಲು, ರಕ್ತಕ್ಕೆ ವಾಪಸ್ ಬರುವುದಿಲ್ಲ. ರಕ್ತದಲ್ಲಿ ಸಕ್ಕರೆ ಇಳಿಯದಂತೆ ನೋಡಿಕೊಂಡು ಮಿದುಳನ್ನು ಸಾಕುವುದು ಲಿವರ್, ಅದರ ಹತ್ತಿರ ಇರುವುದು 100 ಗ್ರಾಂ ಆಸುಪಾಸು, ಅದರಲ್ಲೂ ರಾತ್ರಿ ಮಲಗಿದ್ದಾಗಲೇ ಸಾಕಷ್ಟು ಖರ್ಚಾಗಿರುತ್ತದೆ. ಅಂದರೆ ನಾನು ಬೆಳಗ್ಗೆ ಹೊರಟಾಗಲೇ ಕೊರತೆಯಲ್ಲಿದ್ದೆ. ಕೊಬ್ಬು ಬೇಕಾದಷ್ಟಿದೆ ನಿಜ, ಆದರೆ ಅದು ನಿಧಾನಕ್ಕೆ ಉರಿಯುತ್ತದೆ, ಏರು ಹತ್ತಲು ಅದೊಂದೇ ಸಾಲದು.

ನಷ್ಟ ಅಲ್ಲಿಗೇ ಮುಗಿಯಲಿಲ್ಲ. ಮಧ್ಯಾಹ್ನ ಸಿಟ್ಟಿಗೆದ್ದವನ ಹಾಗೆ ಕರಿದದ್ದೆಲ್ಲ ತಿಂದೆ, ಹೊಟ್ಟೆ ಕಲ್ಲಾಯಿತು, ರಾತ್ರಿ ಊಟ ಸೇರಲಿಲ್ಲ, ಮರುದಿನ ಮತ್ತೆ ಖಾಲಿ. ನಾನೋ ವಿಶ್ರಾಂತಿ ಕಡಿಮೆಯಾಯಿತು ಅಂತ ಒಂದಿಡೀ ದಿನ ಬಿದ್ದುಕೊಂಡೆ! ಖಾಲಿಯಾದ ಗ್ಲೈಕೋಜನ್ ತುಂಬಲು ಚೆನ್ನಾಗಿ ತಿಂದರೂ ಸುಮಾರು 24 ಗಂಟೆ ಬೇಕು. ತಿನ್ನದೆ ಮಲಗಿದರೆ ಎಲ್ಲಿಂದ ತುಂಬಬೇಕು?

ಹಾಗಾಗಿ ಹೊರಡುವ ಮುಂಚೆ ಏನಾದರೂ ತಿನ್ನಿ, ಆಮೇಲೆ ಅರ್ಧ ಗಂಟೆಗೊಮ್ಮೆ ಎರಡು ತುತ್ತು, ಹಸಿವಿರಲಿ ಬಿಡಲಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೀಳಬೇಕು, ಒಂದು ಮಧ್ಯಮ ಬಾಳೆಹಣ್ಣಿನಲ್ಲಿ 25 ಗ್ರಾಂ ಹತ್ತಿರ ಇರುತ್ತದೆ. ಸಣ್ಣ ಪೊಟ್ಟಣದಲ್ಲಿ ಬರುವ ದುಬಾರಿ ಎನರ್ಜಿ ಜೆಲ್ ಬೇಕಾ ಅಂತಲೂ ಕೇಳಿದ್ದೀರಿ. ಬೇಡ, ಅದು ರೇಸ್ ಓಡಿಸುವವರಿಗೆ. ಇಡೀ ದಿನ ಸಿಹಿ ತಿಂದರೆ ಬಾಯಿ ಕೆಡುತ್ತದೆ, ಉಪ್ಪಿನದ್ದೂ ಇರಲಿ, ಬೆವರಿನಲ್ಲಿ ಹೋಗುವುದೂ ಉಪ್ಪೇ ಅಲ್ವಾ.

ಮಧ್ಯಾಹ್ನದ ನಿದ್ದೆ ಬಿಸಿಲಿದ್ದರೆ ಮಾಡಿ, ತಕರಾರಿಲ್ಲ. ಎದ್ದ ಮೇಲೆ ಕಾಲು ಬಿಗಿದಿರುತ್ತದೆ, ಮೊದಲ ಕಾಲು ಗಂಟೆ ಹಗುರ ಗೇರ್‌ನಲ್ಲಿ ತುಳಿಯಿರಿ.

ವಾರಕ್ಕೆ ಎಷ್ಟು ದಿನ ಸೈಕಲ್ ತುಳಿಯದೆ ರಜೆ ಅನ್ನುವುದನ್ನು ಮಾತ್ರ ಈಗಲೇ ಬರೆದಿಡಬೇಡಿ. ಬೆಳಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿ. ದಿನಾ ಇರುವುದಕ್ಕಿಂತ ತೀರಾ ಜಾಸ್ತಿ ಇದ್ದು, ಊಟವೂ ರುಚಿಸದಿದ್ದರೆ ಅವತ್ತು ನಿಲ್ಲಿ. ನಿಂತ ದಿನ ಊರೆಲ್ಲ ಸುತ್ತಬೇಡಿ. ಬಟ್ಟೆ ಒಗೆದು ಹಾಕಿ, ತಿನ್ನಿ, ಮಲಗಿ, ಎದ್ದು ಮತ್ತೆ ತಿನ್ನಿ.