ಬ್ರೂಕ್ಲಿನ್‌ನ ಗಾರ್ಡನ್ ಡುಪ್ಲೆಕ್ಸ್: ಹಿತ್ತಿಲಿಗಿಂತ ಮೊದಲು ಕೆಳಗಿನ ಅಂತಸ್ತನ್ನು ನೋಡಿ

ನಮಸ್ಕಾರ. ನಾಲ್ಕು ವರ್ಷದ ಮಗಳೊಂದಿಗೆ ಬೆಂಗಳೂರಿನಿಂದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ಗೆ ಬರುವವರಿದ್ದೀರಿ. ಅಲ್ಲಿನ ಪಾರ್ಕ್ ಸ್ಲೋಪ್ ಬಡಾವಣೆಯ ಹಳೆಯ ಬ್ರೌನ್‌ಸ್ಟೋನ್ (ಕಂದು ಮರಳುಗಲ್ಲಿನ ಮುಂಭಾಗದ) ಮನೆಯೊಂದರಲ್ಲಿ ಹಿತ್ತಿಲಿರುವ ಗಾರ್ಡನ್ ಡುಪ್ಲೆಕ್ಸ್, ಅಂದರೆ ಎರಡು ಅಂತಸ್ತಿನ ಮನೆ, ಬಾಡಿಗೆಗೆ ಸಿಗುತ್ತಿದೆ, ಹಿಡಿಯಬಹುದೇ ಎಂದು ಕೇಳಿದ್ದೀರಿ. ಅಂಥದೇ ಮನೆಯಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದವನಾಗಿ ಹೇಳುತ್ತೇನೆ, ಹಿಡಿಯಬಹುದು; ಆದರೆ ಹಿತ್ತಿಲಿಗೆ ಮರುಳಾಗಿ ಅಲ್ಲ, ಕೆಳಗಿನ ಅಂತಸ್ತು ಮನಸ್ಸಿಗೆ ಒಪ್ಪಿದ ಮೇಲೆ.

ಬೀದಿಯಿಂದ ಒಂದೆರಡು ಮೆಟ್ಟಿಲು ಇಳಿದು, ಸ್ಟೂಪ್ ಎಂದು ಕರೆಯುವ ಮುಂಭಾಗದ ಎತ್ತರದ ಮೆಟ್ಟಿಲುಸಾಲಿನ ಅಡಿಯಿಂದ ಒಳಹೊಕ್ಕರೆ ಸಿಗುವುದು ಗಾರ್ಡನ್ ಅಂತಸ್ತು. ಅದರ ಮೇಲೆ, ಎತ್ತರದ ಚಾವಣಿ ಮತ್ತು ಉದ್ದನೆಯ ಕಿಟಕಿಗಳಿರುವುದು ಪಾರ್ಲರ್ ಅಂತಸ್ತು. ಇವೆರಡೂ ಸೇರಿದರೆ ಒಳ್ಳೆಯ ಮನೆ. ಆದರೆ ಗಾರ್ಡನ್ ಅಂತಸ್ತಿಗೆ ಅದರ ಕೆಳಗಿನ ನೆಲಮಾಳಿಗೆಯನ್ನು ಜೋಡಿಸಿ ಅದನ್ನೂ ಡುಪ್ಲೆಕ್ಸ್ ಎನ್ನುವವರಿದ್ದಾರೆ. ಅರ್ಧಕ್ಕಿಂತ ಹೆಚ್ಚು ಎತ್ತರ ಬೀದಿಯ ಮಟ್ಟಕ್ಕಿಂತ ಕೆಳಗಿದ್ದರೆ ನಗರದ ಕಾನೂನು ಅದನ್ನು ಸೆಲ್ಲರ್ ಎಂದು ಪರಿಗಣಿಸುತ್ತದೆ. ಅಲ್ಲಿ ಮಲಗುವ ಕೋಣೆ ಮಾಡಿ ಬಾಡಿಗೆಗೆ ಕೊಡುವುದು ಸಾಮಾನ್ಯವಾಗಿ ಕಾನೂನಿಗೆ ವಿರುದ್ಧ. ಎರಡನೆಯ ಅಂತಸ್ತು ಮೇಲಿದೆಯೋ ಕೆಳಗಿದೆಯೋ ಎಂದು ಮೊದಲು ಕೇಳಿ.

ಮುಂದಿನದು ನೀರಿನ ವಿಷಯ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತ ಹೊತ್ತು ತಂದ ಮಳೆ ಸೆಂಟ್ರಲ್ ಪಾರ್ಕ್‌ನಲ್ಲಿ ಒಂದೇ ಗಂಟೆಯಲ್ಲಿ 3.15 ಅಂಗುಲ ಸುರಿಯಿತು. ನಗರದ ನೆಲಮಾಳಿಗೆಯ ಮನೆಗಳಲ್ಲಿ 11 ಮಂದಿ, ಹೆಚ್ಚಿನವರು ನಗರದ ಕ್ವೀನ್ಸ್ ಭಾಗದವರು, ಪ್ರಾಣ ಕಳೆದುಕೊಂಡರು. ನಮ್ಮ ಹಿತ್ತಿಲಿನ ಚರಂಡಿಯ ಬಾಯಿಗೆ ಎಲೆ ಕಟ್ಟಿಕೊಂಡು ನೀರು ಅಡುಗೆಮನೆಯ ಹೊಸ್ತಿಲು ದಾಟಿತು, ಅಕ್ಕಿಯ ಚೀಲವೆಲ್ಲ ನೆನೆಯಿತು. ಈ ಮನೆಗೆ ನೀರು ಬಂದದ್ದೇ ಇಲ್ಲ ಎಂದು ಮಾಲೀಕರು ಹೇಳಿದ್ದರು. ಪಕ್ಕದ ಮನೆಯವರ ನೆನಪು ಬೇರೆಯೇ ಇತ್ತು. 2023ರಿಂದ ಹಿಂದಿನ ಪ್ರವಾಹದ ಹಾನಿಯನ್ನು ಬಾಡಿಗೆ ಕರಾರಿನಲ್ಲಿ ತಿಳಿಸಲೇಬೇಕೆಂಬ ರಾಜ್ಯದ ಕಾನೂನಿದೆ, ಆ ಪುಟವನ್ನು ಓದದೆ ಸಹಿ ಹಾಕಬೇಡಿ. ಸಾಧ್ಯವಾದರೆ ಜೋರು ಮಳೆಯ ಮರುದಿನ ಹೋಗಿ ಗೋಡೆಯ ಬುಡವನ್ನು ಮುಟ್ಟಿ ನೋಡಿ.

ಮಕ್ಕಳಿಗೆ ವಿಷವಾಗುವ ಸೀಸದ ಬಣ್ಣ ನಗರದ ವಸತಿಗಳಲ್ಲಿ ನಿಷೇಧವಾದದ್ದು 1960ರಲ್ಲಿ. ಈ ಮನೆಗಳು ಬಹುಪಾಲು ಹತ್ತೊಂಬತ್ತನೆಯ ಶತಮಾನದವು, ಹಾಗಾಗಿ ಹಳೆಯ ಪದರಗಳಲ್ಲಿ ಸೀಸ ಇರಬಹುದು. ನಿಮ್ಮ ಮಗಳಿಗೆ ಆರು ತುಂಬಿಲ್ಲವಾದ್ದರಿಂದ ಬಣ್ಣ ಸಿಪ್ಪೆಯೇಳುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸುವ ಹೊಣೆ ಮಾಲೀಕರದು. ಮಗುವಿದೆ ಎಂಬುದನ್ನು ಬರವಣಿಗೆಯಲ್ಲೇ ತಿಳಿಸಿ.

ಪಾರ್ಕ್ ಸ್ಲೋಪ್‌ನ ದೊಡ್ಡದೊಂದು ಭಾಗ 1973ರಿಂದ ಐತಿಹಾಸಿಕ ವಲಯ. ಬೀದಿಯ ಕಡೆಯ ಕಿಟಕಿ ಬದಲಿಸಲು ಮಾಲೀಕರೂ ಹಳೆಯ ಕಟ್ಟಡಗಳನ್ನು ಕಾಯುವ ನಗರದ ಲ್ಯಾಂಡ್‌ಮಾರ್ಕ್ಸ್ ಆಯೋಗದ ಅನುಮತಿ ಪಡೆಯಬೇಕು, ಹಾಗಾಗಿ ಚಳಿಗಾಳಿ ನುಸುಳುವ ಕಿಟಕಿ ಬೇಗ ಸರಿಹೋಗುತ್ತದೆಂದು ನಂಬಬೇಡಿ. ನಗರದ ನಿಯಮದಂತೆ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿರುವ ಹಗಲಿನಲ್ಲಿ ಒಳಗೆ ಕನಿಷ್ಠ 68, ರಾತ್ರಿ ಎಷ್ಟೇ ಚಳಿಯಿದ್ದರೂ 62 ಡಿಗ್ರಿ ಇರಬೇಕು. ಆದರೂ ಕೆಳಗಿನ ನೆಲ ಕಾಲಿಗೆ ತಣ್ಣಗೇ. ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ಕಳಿಸುತ್ತದೆಯೋ, ಸೋಸಿ ಅಲ್ಲೇ ಬಿಡುತ್ತದೆಯೋ ಎಂಬುದನ್ನೂ ನೋಡಿ. ನಮ್ಮ ಮನೆಯಲ್ಲಿ ಕೆಳಗೆ ಇಂಗಿನ ಒಗ್ಗರಣೆ ಹಾಕಿದರೆ ಒಳಮೆಟ್ಟಿಲಿನಿಂದ ಏರಿದ ಘಾಟು ಮೇಲಿನ ಹಾಸಿಗೆಯಲ್ಲಿ ಮೂರು ದಿನ ಇರುತ್ತಿತ್ತು.

ಹಣದ ವಿಚಾರ ಸರಳ. ಠೇವಣಿ ಒಂದು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಮಾಲೀಕರು ಗೊತ್ತುಮಾಡಿದ ದಲ್ಲಾಳಿಯ ಶುಲ್ಕವನ್ನು 2025ರ ಜೂನ್‌ನಿಂದ ನಿಮ್ಮಿಂದ ಕೇಳುವಂತಿಲ್ಲ. ವಾರ್ಷಿಕ ಆದಾಯ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕೆನ್ನುವುದು ರೂಢಿ, ಸಂಬಳ ತಿಳಿಸುವ ಕಂಪನಿಯ ಪತ್ರ ಸಿದ್ಧವಿಟ್ಟುಕೊಳ್ಳಿ.

ಇನ್ನು ಹಿತ್ತಿಲು. ಅದು ನಿಮಗಷ್ಟೇ ಸೇರಿದ್ದೋ, ಚರಂಡಿ ಶುಚಿಮಾಡುವವರು ಮತ್ತು ಮನೆ ಮುಂದಿನ ಹಿಮ ತೆಗೆಯುವವರು ಯಾರು ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ತುಳಸಿಯನ್ನು ಕುಂಡದಲ್ಲೇ ಇಡಿ, ಅಕ್ಟೋಬರ್‌ನಲ್ಲಿ ಅದನ್ನು ಒಳಗೆ ತರಬೇಕಾಗುತ್ತದೆ.