ಡಿಸ್‌ಲೆಕ್ಸಿಯಾ ಇರುವ ಮಗನ ಹೋಂವರ್ಕ್ ದಿನಾ ಅಳುವಿನಲ್ಲೇ ಮುಗಿಯುತ್ತೆ, ಏನು ಮಾಡಲಿ?

ನಮಸ್ಕಾರ ಅಕ್ಕಾರೇ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು, ಡಿಸ್‌ಲೆಕ್ಸಿಯಾ (ಓದೋದು, ಬರೆಯೋದು ಕಷ್ಟವಾಗುವ ತೊಂದರೆ) ಅಂತ ಡಾಕ್ಟರ್ ಹೇಳಿದ್ದಾರೆ, ದಿನಾ ಮೂರು ಗಂಟೆ ಕೂರಿಸಿದರೂ ಹೋಂವರ್ಕ್ ಮುಗಿಯಲ್ಲ, ಕೊನೆಗೆ ಅವನೂ ಅಳ್ತಾನೆ ನಾನೂ ಅಳ್ತೀನಿ, ಶಹಾಪುರದಲ್ಲಿ ಇಂಥ ಮಕ್ಕಳಿಗೆ ಹೇಳಿಕೊಡೋರು ಯಾರೂ ಸಿಕ್ಕಿಲ್ಲ ಅಂತ ಬರೆದಿದ್ದೀರಿ. ಓದಿ ಸುಮ್ನೆ ಇರೋಕೆ ಆಗಲಿಲ್ಲ. ನಾನು ಕಲಬುರಗಿಯವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನನ್ನ ಮಗಳಿಗೂ ಇದೇ ತೊಂದರೆ. ಈಗ ಅವಳು ಎಂಟನೇ ಕ್ಲಾಸು. ನಾನು ಡಾಕ್ಟರೂ ಅಲ್ಲ, ಟೀಚರೂ ಅಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಮಾತ್ರ ಹೇಳುತ್ತೇನೆ.

ನಾಳೆಯಿಂದ ಮೂರು ದಿನ ಮಗನನ್ನು ತಿದ್ದೋಕೆ ಹೋಗಬೇಡಿ. ಪಕ್ಕದಲ್ಲಿ ಕೂತು, ಅವನು ಎಲ್ಲಿ ನಿಲ್ಲುತ್ತಾನೆ ಅಂತ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಹೋಂವರ್ಕ್ ಅಂದರೆ ನಮಗೆ ಒಂದೇ ಕೆಲಸದ ಹಾಗೆ ಕಾಣುತ್ತೆ. ಮಗುವಿಗೆ ಅದು ನಾಲ್ಕೈದು ಕೆಲಸ. ಏನು ಕೊಟ್ಟಿದ್ದಾರೆ ಅಂತ ತಿಳಿಯಬೇಕು, ಪ್ರಶ್ನೆ ಓದಬೇಕು, ಉತ್ತರ ಯೋಚಿಸಬೇಕು, ಅದನ್ನು ಮನಸ್ಸಲ್ಲಿ ಹಿಡಿದುಕೊಂಡೇ ಅಕ್ಷರ ಬರೆಯಬೇಕು. ಇದರಲ್ಲಿ ಯಾವುದು ಅವನ ಕೈ ಹಿಡಿದು ಎಳೆಯುತ್ತಿದೆ ಅಂತ ಗೊತ್ತಾದರೆ ಅದೊಂದನ್ನು ನೀವು ಎತ್ತಿಕೊಳ್ಳಬಹುದು. ಉಳಿದದ್ದು ಅವನು ಮಾಡುತ್ತಾನೆ.

ನನ್ನ ಮಗಳ ವಿಷಯದಲ್ಲಿ ಅರ್ಧ ಜಗಳ ಹೋಂವರ್ಕ್ ಶುರುವಾಗುವ ಮೊದಲೇ ಆಗುತ್ತಿತ್ತು. ಬೋರ್ಡ್ ನೋಡಿ ಡೈರಿಗೆ ಇಳಿಸಿಕೊಳ್ಳೋದೇ ಅವಳಿಗೆ ಆಗುತ್ತಿರಲಿಲ್ಲ. 34ನೇ ಪುಟ ಅಂತ ಟೀಚರ್ ಬರೆದಿದ್ದರೆ ಇವಳ ಡೈರಿಯಲ್ಲಿ 43. ಆ ಪುಟ ತೆಗೆದರೆ ಇನ್ನೂ ಮಾಡದ ಪಾಠ. "ಕ್ಲಾಸಲ್ಲಿ ಏನು ಕೇಳ್ತಿ ನೀ?" ಅಂತ ನಾನು ರೇಗಿದ್ದು ಎಷ್ಟು ಸಲವೋ. ಒಂದೆರಡು ಸಲ ಹೊಡೆದೂ ಇದ್ದೇನೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಈಗ ಅವಳ ಗೆಳತಿಯ ಅಮ್ಮ ಸಂಜೆ ಐದಕ್ಕೆ ಡೈರಿಯ ಫೋಟೋ ವಾಟ್ಸಾಪ್‌ನಲ್ಲಿ ಹಾಕುತ್ತಾರೆ. ಇಷ್ಟರಿಂದಲೇ ದಿನಕ್ಕೆ ಇಪ್ಪತ್ತು ನಿಮಿಷದ ಅಳು ಹೋಯಿತು.

ಇನ್ನೊಂದು ದಿನದ್ದು ಹೇಳಬೇಕು. ಮೂರನೇ ಕ್ಲಾಸಿನಲ್ಲಿದ್ದಳು. ನೀರು ಹೇಗೆ ಆವಿಯಾಗುತ್ತೆ ಅಂತ ಪ್ರಶ್ನೆ. ಹತ್ತು ನಿಮಿಷ ಆದರೂ ಪುಸ್ತಕ ನೋಡುತ್ತಾ ಕೂತಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಬೇಸತ್ತು ಪುಸ್ತಕ ಇಸಕೊಂಡು ನಾನೇ ಪ್ರಶ್ನೆ ಓದಿದೆ. ತಲೆ ಎತ್ತಿದವಳೇ "ಬಿಸಲಿಗೆ, ಅವ್ವ. ಮಾಳಗಿ ಮ್ಯಾಲ ಸಂಡಗಿ ಒಣಗಲ್ಲೇನು, ಹಂಗ" ಅಂದಳು. ಉತ್ತರ ಅವಳ ಹತ್ತಿರ ಮೊದಲೇ ಇತ್ತು. ಪ್ರಶ್ನೆಯ ಅಕ್ಷರ ದಾಟಿ ಬರೋಕೆ ಅವಳಿಗೆ ದಾರಿ ಇರಲಿಲ್ಲ, ಅಷ್ಟೇ. ಅವತ್ತಿನಿಂದ ವಿಜ್ಞಾನ, ಸಮಾಜದ ಪ್ರಶ್ನೆಗಳನ್ನು ನಾನು ಓದುತ್ತೇನೆ, ಅವಳು ಬಾಯಲ್ಲಿ ಹೇಳುತ್ತಾಳೆ, ನಾನು ಬರೆಯುತ್ತೇನೆ. ಕೆಳಗೆ ಒಂದೇ ಒಂದು ಸಾಲು ಅವಳ ಕೈಯಲ್ಲಿ. "ನೀವೇ ಮಾಡಿಕೊಟ್ಟ ಹಾಗಾಯಿತಲ್ಲ" ಅಂತ ಜನ ಕೇಳುತ್ತಾರೆ. ಯೋಚಿಸಿದವಳು ಅವಳು ತಾನೇ? ಓದೋದು, ಬರೆಯೋದು ಕಲಿಯೋಕೆ ಕನ್ನಡದ ಹೊತ್ತು ಬೇರೆ ಇದೆ. ಅದನ್ನು ಎಲ್ಲ ಪಾಠದೊಳಗೂ ಬೆರೆಸಿದರೆ ಮಗು ಯಾವುದನ್ನೂ ಕಲಿಯೋಲ್ಲ.

ಆ ಕನ್ನಡದ ಹೊತ್ತಿನಲ್ಲಿ ನಾವು ಮಾಡಿದ್ದು ಹೇಳುತ್ತೇನೆ. ಹಳೆಯ ಲಗ್ನಪತ್ರಿಕೆ ತಗೊಂಡು ಒಂದು ಸಾಲು ಮಾತ್ರ ಕಾಣುವಷ್ಟು ಉದ್ದಕ್ಕೆ ಕಿಟಕಿ ಕತ್ತರಿಸಿ. ಅದನ್ನು ಪುಸ್ತಕದ ಮೇಲಿಟ್ಟು ಒಂದೊಂದೇ ಸಾಲು ಸರಿಸಿಕೊಂಡು ಓದಲಿ. ಸಾಲು ತಪ್ಪೋದು ಕಮ್ಮಿ ಆಗುತ್ತೆ. ಹೊಸ ಅಕ್ಷರಕ್ಕೆ ಪರಾತದಲ್ಲಿ ಜೋಳದ ಹಿಟ್ಟು ತೆಳ್ಳಗೆ ಹರವಿ ಬೆರಳಲ್ಲಿ ಬರೆಸಿ, ಬರೆಯುವಾಗ ಬಾಯಲ್ಲೂ ಹೇಳಿಸಿ. ತಪ್ಪಾದರೆ ಪರಾತ ಅಲ್ಲಾಡಿಸಿದರೆ ಸಾಕು, ಕೆಂಪು ಗೆರೆ ಇಲ್ಲ, ರಬ್ಬರ್ ತಿಕ್ಕಿ ಕಾಗದ ಹರಿಯೋದಿಲ್ಲ. ಒತ್ತಕ್ಷರಕ್ಕೆ ಅವಸರ ಬೇಡ. ನಮ್ಮ ಕನ್ನಡದಲ್ಲಿ ವ್ಯಂಜನ, ಕಾಗುಣಿತ ಎಲ್ಲ ಸೇರಿದರೆ 400ಕ್ಕಿಂತ ಜಾಸ್ತಿ ರೂಪ ಆಗುತ್ತೆ. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಅದೆಲ್ಲ ಕೈಗೆ ಬರೋಕೆ ವರ್ಷಗಟ್ಟಲೆ ಬೇಕು.

ನನ್ನ ಮಗಳನ್ನು ಜಾಸ್ತಿ ಕಾಡಿದ್ದು ಅರ್ಕಾವತ್ತು. "ಸೂರ್ಯ" ಅನ್ನೋದನ್ನು ನೋಡಿ. ಕಣ್ಣಿಗೆ ಮೊದಲು ಯ ಸಿಗುತ್ತೆ, ಆಮೇಲೆ ಆ ಕೊಕ್ಕೆ. ಬಾಯಲ್ಲಿ ಮಾತ್ರ ಕೊಕ್ಕೆಯ ರ್ ಮೊದಲು ಬರಬೇಕು. ಅವಳು "ಸೂಯರ" ಅಂತಲೇ ಓದುತ್ತಿದ್ದಳು. ಯೋಚಿಸಿ ನೋಡಿದರೆ ಕಂಡದ್ದನ್ನು ಕಂಡ ಹಾಗೇ ಓದುತ್ತಿದ್ದಳು. ಕೊಕ್ಕೆಗೆ ಹಸಿರು ಬಣ್ಣ ಹಚ್ಚಿ, "ಹಸಿರು ಕಂಡರೆ ಅದನ್ನು ಮೊದಲು ಹೇಳು" ಅಂತ ಹೇಳಿಕೊಟ್ಟೆ. ಪಾಠದಲ್ಲಿ ಬರುವ ಇಂಥ ಪದಗಳಿಗೆಲ್ಲ ಹಿಂದಿನ ದಿನವೇ ಬಣ್ಣ ಹಚ್ಚಿಡುತ್ತಿದ್ದೆ. ಎರಡು ತಿಂಗಳು ಹಿಡಿಯಿತು. ಈಗ ಬಣ್ಣ ಬೇಕಿಲ್ಲ.

ಲೆಕ್ಕಕ್ಕೆ ನನ್ನ ಹೊಲಿಗೆಯ ಟೇಪು. 52ರಲ್ಲಿ 17 ಕಳೆಯಬೇಕು ಅಂದರೆ 52ರ ಮೇಲೆ ಬೆರಳಿಟ್ಟು ಹದಿನೇಳು ಮನೆ ಹಿಂದಕ್ಕೆ ಬರುತ್ತಾಳೆ. ಚೌಕುಳಿ ಇರುವ ಗಣಿತದ ಪುಸ್ತಕ ಕೊಡಿಸಿ, ಒಂದು ಚೌಕದಲ್ಲಿ ಒಂದೇ ಅಂಕಿ ಬರೆಸಿ. ಬಿಡಿ, ಹತ್ತು ಕಲಸಿಹೋಗೋದಿಲ್ಲ.

ಫೋನೂ ಉಪಯೋಗಕ್ಕೆ ಬರುತ್ತೆ. ಸರ್ಕಾರಿ ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇರುತ್ತಲ್ವಾ, ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ ವಿಡಿಯೋ, ಚಟುವಟಿಕೆ ಸಿಗುತ್ತೆ. ಓದುವ ಮೊದಲು ಒಂದು ಸಲ ಕೇಳಿದರೆ ಪುಟದ ಹೆದರಿಕೆ ಅರ್ಧ ಇಳಿಯುತ್ತೆ.

ಇನ್ನು ಶಾಲೆಯ ಮಾತು. ಇದು ಕಷ್ಟದ್ದು, ಆದರೆ ಇದಿಲ್ಲದೆ ಮನೆಯಲ್ಲಿ ಮಾಡಿದ್ದು ನಿಲ್ಲೋದಿಲ್ಲ. ನಾನು ಕೇಳಿಕೊಂಡದ್ದು ಒಂದೇ. ಪುಟದ ಲೆಕ್ಕ ಬಿಟ್ಟು ಹೊತ್ತಿನ ಲೆಕ್ಕ ಇಟ್ಟುಕೊಳ್ಳಿ ಅಂತ. ನಲವತ್ತು ನಿಮಿಷ ಮನಸ್ಸಿಟ್ಟು ಕೂರುತ್ತಾಳೆ, ಎಷ್ಟಾಯಿತೋ ಅಷ್ಟು, ಕೆಳಗೆ ನಾನು ಸಹಿ ಹಾಕುತ್ತೇನೆ. ಮೊದಲಿದ್ದ ಶಾಲೆಯಲ್ಲಿ ಒಪ್ಪಲಿಲ್ಲ. "ಒಬ್ಬಾಕಿ ಸಲುವಾಗಿ ಬ್ಯಾರೆ ರೂಲ್ ಮಾಡಕ್ಕಾಗಲ್ರಿ" ಅಂದರು. ಹೋಂವರ್ಕ್ ಮುಗಿಸದ ದಿನ ಬಾಗಿಲ ಹೊರಗೆ ನಿಲ್ಲಿಸಿದರು. ಆ ವರ್ಷವೇ ಶಾಲೆ ಬದಲಿಸಿದೆವು. ಈಗಿನ ಅಕ್ಕೋರು ಮೊದಲ ವಾರವೇ "ಹತ್ತು ಲೆಕ್ಕದಾಗ ನಾಲ್ಕು ಮಾಡಲಿ, ಆದ್ರ ಸರಿ ಮಾಡಲಿ" ಅಂದರು. ಆ ಒಂದು ಮಾತಿಗೆ ನಾನು ಅವರನ್ನು ಸಾಯುವತನಕ ಮರೆಯೋಲ್ಲ.

ನಿಮ್ಮ ಶಾಲೆಯವರು ಒಪ್ಪದಿದ್ದರೆ ಕೈಮುಗಿದು ನಿಲ್ಲಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆ ಹೇಳಿದ್ದಾರೆ. ಕಲಿಕಾ ನ್ಯೂನತೆಯೂ, ಅಂದರೆ ನಮ್ಮ ಮಕ್ಕಳದ್ದೂ ಅದರಲ್ಲಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅಂತ ಅದರಲ್ಲಿದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯೋಕೆ ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೂ ಇವೆ. ಬಾಯಿಮಾತಲ್ಲಿ ಕೇಳಬೇಡಿ. ಡಾಕ್ಟರ್ ಕೊಟ್ಟ ಕಾಗದದ ಜೆರಾಕ್ಸ್ ಲಗತ್ತಿಸಿ, ಮುಖ್ಯ ಗುರುಗಳಿಗೆ ಅರ್ಜಿ ಬರೆದು, ನಿಮ್ಮ ಪ್ರತಿಯ ಮೇಲೆ ಸಹಿ ಸೀಲು ಹಾಕಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಬರುವ ಹೊತ್ತಿಗೆ ಈ ಹಳೆಯ ಕಾಗದಗಳೇ ಕೈ ಹಿಡಿಯುತ್ತವೆ.

ಹೇಳಿಕೊಡೋರು ಯಾರೂ ಇಲ್ಲ ಅಂದಿರಿ. ನಿಮ್ಮ ತಾಲ್ಲೂಕಿನ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರಕ್ಕೆ, ಅಂದರೆ ಬಿಆರ್‌ಸಿ ಕಚೇರಿಗೆ ಹೋಗಿ "ಬಿಐಇಆರ್‌ಟಿ ಯಾರು?" ಅಂತ ಕೇಳಿ. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯಲ್ಲಿ ಇರುವ ಶಿಕ್ಷಕರು ಅವರು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಿ ಕಲಿಸುತ್ತಾರೆ. ನಮ್ಮ ಓಣಿಯ ಸೆರೆಬ್ರಲ್ ಪಾಲ್ಸಿ ಇರುವ ಹುಡುಗನಿಗೆ ಪೆನ್ಸಿಲ್‌ಗೆ ಬಟ್ಟೆ ಸುತ್ತಿ ದಪ್ಪ ಮಾಡೋದು, ಕಾಗದವನ್ನು ಮಣೆಗೆ ಅಂಟಿಸಿ ಬರೆಸೋದು ಹೇಳಿಕೊಟ್ಟವರು ಅವರೇ. ಅವರಿಗೆ ಇಡೀ ತಾಲ್ಲೂಕಿನ ಕೆಲಸ. ಹಾಗಾಗಿ ಒಂದು ಸಲ ಹೋಗಿ ಸಿಗಲಿಲ್ಲ ಅಂತ ಬಿಡಬೇಡಿ. ಯುಡಿಐಡಿ, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡಿಗೂ ಅರ್ಜಿ ಹಾಕಿ. ಅದನ್ನು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬಹುದು.

ಹೊತ್ತಿನ ಬಗ್ಗೆ ಒಂದು ಮಾತು. ಶಾಲೆಯಿಂದ ಬಂದ ಕೂಡಲೇ ಕೂರಿಸಬೇಡಿ. ಇಡೀ ದಿನ ಅಕ್ಷರದ ಜೊತೆ ಗುದ್ದಾಡಿ ಬಂದಿರುತ್ತಾನೆ. ಏನಾದರೂ ತಿಂದು ಒಂದು ತಾಸು ಆಡಲಿ. ನಾವು ಇಪ್ಪತ್ತು ನಿಮಿಷ ಸಂಜೆ, ಇಪ್ಪತ್ತು ನಿಮಿಷ ಬೆಳಗ್ಗೆ ಅಂತ ಒಡೆದುಕೊಂಡಿದ್ದೇವೆ. ನಮ್ಮ ಕಡೆಯ ಮಾರ್ಚ್ ಬಿಸಿಲಿನಲ್ಲಿ, ಅದೂ ಕರೆಂಟ್ ಹೋದ ಸಂಜೆ, ದೊಡ್ಡವರಿಗೇ ತಲೆ ಓಡೋಲ್ಲ. ಬೆಳಗ್ಗೆ ಆರಕ್ಕೆ ತಂಪಲ್ಲಿ ಅವಳು ಅಡುಗೆಮನೆ ಹೊಸ್ತಿಲಲ್ಲಿ ಕೂತು ಓದುತ್ತಾಳೆ, ನಾನು ರೊಟ್ಟಿ ಬಡಿಯುತ್ತಾ ಕೇಳುತ್ತೇನೆ. ತಪ್ಪಿದರೆ ಪದ ಹೇಳಿಬಿಡುತ್ತೇನೆ, "ಮತ್ತ ಓದು" ಅನ್ನೋದಿಲ್ಲ. ತಮ್ಮನ ಜೊತೆ ಹೋಲಿಸೋದನ್ನಂತೂ ಮನೆಯಲ್ಲಿ ಎಲ್ಲರಿಗೂ ನಿಲ್ಲಿಸಿದ್ದೇನೆ, ನಮ್ಮ ಅತ್ತೆಗೂ ಕೂಡ.

ಆ ಮೂರು ದಿನ ಬರೆದಿಟ್ಟದ್ದನ್ನು ಇಲ್ಲೇ ಕೆಳಗೆ ಹಾಕಿ. ಮಗ ಎಲ್ಲಿ ನಿಲ್ಲುತ್ತಾನೆ ಅಂತ ಗೊತ್ತಾದರೆ, ನಮಗೆ ಆ ಜಾಗದಲ್ಲಿ ಏನು ಕೆಲಸಕ್ಕೆ ಬಂತು ಅಂತ ಹೇಳುತ್ತೇನೆ. ರಾತ್ರಿ ಹೊಲಿಗೆ ಮುಗಿದ ಮೇಲೆ ದಿನಾ ಒಮ್ಮೆ ಬಂದು ನೋಡುತ್ತೇನೆ.